ಮ್ಯಾಕ್ಸ್ ಬಾರ್ನ್

ಮ್ಯಾಕ್ಸ್ ಬಾರ್ನ್ (11 ಡಿಸೆಂಬರ್ 1882 – 5 ಜನವರಿ 1970) ಜರ್ಮನಿಯಲ್ಲಿ ಜನಿಸಿದ ಯಹೂದಿ ಮೂಲದ ಭೌತವಿಜ್ಞಾನಿ. ಕ್ವಾಂಟಂ ಬಲವಿಜ್ಞಾನದ ಸ್ಥಾಪಕರಲ್ಲಿ ಒಬ್ಬರು. ಅಲೆಯ ಫಲನಕ್ಕೆ ಸಂಭವನೀಯತೆಯ ಅರ್ಥವನ್ನು ನೀಡಿದುದಕ್ಕಾಗಿ 1954ರ ನೊಬೆಲ್ ಪ್ರಶಸ್ತಿಯನ್ನು ವಾಲ್ಟರ್ ಬೋತೆ ಅವರೊಡನೆ ಹಂಚಿಕೊಂಡರು. 1933ರಲ್ಲಿ ನಾಜಿ ಸರ್ಕಾರವು ಅವರನ್ನು ಪ್ರಾಧ್ಯಾಪಕ ಹುದ್ದೆಯಿಂದ ದೂರವಿರಿಸಿದ ಮೇಲೆ ಪತ್ನಿ ಹಾಗೂ ಮಕ್ಕಳೊಡನೆ ದೇಶ ತೊರೆದರು. ಸರ್ ಸಿ. ವಿ. ರಾಮನ್ ಅವರ ಆಹ್ವಾನದ ಮೇರೆಗೆ 1935-36ರಲ್ಲಿ ಸುಮಾರು ಆರು ತಿಂಗಳು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದರು. ಅಲ್ಲಿ ಖಾಯಂ ಹುದ್ದೆ ದೊರೆಯದೆ ಬ್ರಿಟನ್ನಿಗೆ ಮರಳಿ, ಎಡಿನ್‌ಬರೋ ವಿಶ್ವವಿದ್ಯಾನಿಲಯದಲ್ಲಿ 1936ರಿಂದ 1953ರವರೆಗೆ ಪ್ರಾಧ್ಯಾಪಕರಾಗಿದ್ದರು. ಮೈಸೂರು ಸಂಸ್ಥಾನದ ಮುಖ್ಯ ವಾಸ್ತುಶಿಲ್ಪಿಯಾಗಿದ್ದ ಒಟ್ಟೊ ಕೋನಿಗ್ಸ್‌ಬರ್ಗರ್ ಇವರ ಸೋದರಳಿಯ.

ಎರಡನೆಯ ಮಹಾಯುದ್ಧದ ಕಾಲದ ಯಹೂದಿ ನಿರಾಶ್ರಿತರನ್ನು ಕುರಿತ ಮಕ್ಕಳ ಕಥೆ, ಕಾದಂಬರಿಗಳನ್ನು ಓದುವವರಿಗೆ ಆ ಕಥೆಗಳ ಹಿಂದಿರುವ ಚರಿತ್ರೆಯನ್ನು ಅರಿಯಲು ಬಾರ್ನ್ ಕುಟುಂಬದ ವೃತ್ತಾಂತವು ಸಹಾಯಕವಾಗುತ್ತದೆ. ಆ ಚರಿತ್ರೆಯ ಒಂದು ಎಳೆ ಕರ್ನಾಟಕದ ಮೂಲಕವೂ ಹಾದುಹೋಗಿದೆ.

ಜನನ ಮತ್ತು ಬಾಲ್ಯ

ಬಾರ್ನ್ ಅವರು ಬ್ರೆಸ್ಲಾವ್ ನಗರದಲ್ಲಿ ಜನಿಸಿದರು. ಆಗ ಜರ್ಮನಿಗೆ ಸೇರಿದ್ದ ಈ ನಗರ ಈಗ ಪೋಲೆಂಡಿನಲ್ಲಿದ್ದು ವ್ರೋಟ್ಸ್ವಾಫ್ ಎಂದು ಕರೆಯಲ್ಪಡುತ್ತದೆ. ತಂದೆ ಗುಸ್ತಾವ್ ಬಾರ್ನ್ ಬ್ರೆಸ್ಲಾವ್ ವಿಶ್ವವಿದ್ಯಾನಿಲಯದಲ್ಲಿ ಅಂಗರಚನಾಶಾಸ್ತ್ರ ಹಾಗೂ ಭ್ರೂಣಶಾಸ್ತ್ರದ ಪ್ರಾಧ್ಯಾಪಕರು. ತಾಯಿ ಮಾರ್ಗರೆಟ್ ಕೌಫ್‌ಮನ್ ಜವಳಿ ಉದ್ಯಮಿಗಳ ಮನೆತನದವರು. ಮ್ಯಾಕ್ಸ್ ಮೂರು ವರ್ಷದ ಬಾಲಕನಾಗಿದ್ದಾಗಲೇ, 1886ರಲ್ಲಿ, ತಾಯಿ ತೀರಿಕೊಂಡರು. ಆಗ ತಂಗಿ ಕೇಟೆ ಇನ್ನೂ ಎರಡು ವರ್ಷದ ಕೂಸು. ತಂದೆ ಮರುಮದುವೆಯಾದರು, ಆ ವಿವಾಹದಿಂದ ವೊಲ್ಫ್‌ಗಾಂಗ್ ಎಂಬ ಮಗ ಹುಟ್ಟಿದನು. ಮ್ಯಾಕ್ಸ್ ಹದಿನೇಳು ವರ್ಷದವರಿದ್ದಾಗ, 1900ರಲ್ಲಿ, ತಂದೆಯೂ ನಿಧನರಾದರು. ಬಾಲ್ಯದಿಂದಲೂ ಅವರನ್ನು ಉಬ್ಬಸ ಕಾಡುತ್ತಿತ್ತು.

ಮನೆತನ ಯಹೂದಿ ಮೂಲದ್ದಾದರೂ ಅವರ ಮನೆಯಲ್ಲಿ ಧಾರ್ಮಿಕ ಆಚರಣೆಗಳಿಗೆ ಹೆಚ್ಚಿನ ಪ್ರಾಧಾನ್ಯವಿರಲಿಲ್ಲ. ಭಾಷೆ, ಸಂಗೀತ, ವಿದ್ಯೆ ಎಲ್ಲದರಲ್ಲೂ ಅವರು ಜರ್ಮನರೇ ಆಗಿದ್ದರು. ಆ ಕಾಲದ ಜರ್ಮನಿಯ ವಿದ್ಯಾವಂತ ಯಹೂದಿ ಕುಟುಂಬಗಳಲ್ಲಿ ಅನೇಕವು ಇದೇ ಬಗೆಯವು. ಮುಂದೆ ಬಂದ ಆಘಾತದ ತೀವ್ರತೆಯನ್ನು ಅರಿಯಲು ಈ ಸಂಗತಿಯನ್ನು ನೆನಪಿನಲ್ಲಿಡಬೇಕು.

ವಿದ್ಯಾಭ್ಯಾಸ

ಬಾರ್ನ್ ಬ್ರೆಸ್ಲಾವ್, ಹೈಡೆಲ್‌ಬರ್ಗ್ ಮತ್ತು ಜ್ಯೂರಿಚ್ ವಿಶ್ವವಿದ್ಯಾನಿಲಯಗಳಲ್ಲಿ ಓದಿ 1904ರಲ್ಲಿ ಗಟ್ಟಿಂಗೆನ್ ಸೇರಿದರು. ಗಣಿತಶಾಸ್ತ್ರದ ಮಹಾನ್ ಆಚಾರ್ಯರಾದ ಫೆಲಿಕ್ಸ್ ಕ್ಲೈನ್, ಡೇವಿಡ್ ಹಿಲ್ಬರ್ಟ್ ಮತ್ತು ಹರ್ಮನ್ ಮಿಂಕೋವ್‌ಸ್ಕಿ ಅಲ್ಲಿ ಅಧ್ಯಾಪಕರಾಗಿದ್ದರು. ಹಿಲ್ಬರ್ಟ್ ಅವರ ಉಪನ್ಯಾಸಗಳ ಟಿಪ್ಪಣಿ ಬರೆಯುವ ಕೆಲಸ ಬಾರ್ನ್ ಅವರಿಗೆ ದೊರೆಯಿತು. ಸ್ಥಿತಿಸ್ಥಾಪಕ ತಂತಿ ಮತ್ತು ಪಟ್ಟಿಗಳ ಸ್ಥಿರತೆಯನ್ನು ಕುರಿತ ಪ್ರಬಂಧಕ್ಕೆ ವಿಶ್ವವಿದ್ಯಾನಿಲಯದ ಬಹುಮಾನವೂ ಡಾಕ್ಟರೇಟ್ ಪದವಿಯೂ ಬಂದವು. ಬಳಿಕ ಕೆಲಕಾಲ ಇಂಗ್ಲೆಂಡಿನ ಕೇಂಬ್ರಿಡ್ಜ್‌ನಲ್ಲಿದ್ದು ಜೆ. ಜೆ. ಥಾಮ್ಸನ್ ಅವರ ಉಪನ್ಯಾಸಗಳನ್ನು ಕೇಳಿದರು. ಮಿಂಕೋವ್‌ಸ್ಕಿ ಅವರ ಕರೆಯ ಮೇರೆಗೆ ಗಟ್ಟಿಂಗೆನ್‌ಗೆ ಮರಳಿದ ಕೆಲವೇ ವಾರಗಳಲ್ಲಿ, 1909ರ ಜನವರಿಯಲ್ಲಿ, ಗುರುಗಳು ಅಕಾಲ ಮರಣಕ್ಕೀಡಾದರು.

1913ರಲ್ಲಿ ಕಾನೂನು ಪ್ರಾಧ್ಯಾಪಕ ವಿಕ್ಟರ್ ಏರೆನ್‌ಬರ್ಗ್ ಅವರ ಮಗಳು ಹೆಡ್ವಿಗ್ ಅವರನ್ನು ವಿವಾಹವಾದರು. ಮರುವರ್ಷ ಬಾರ್ನ್ ಲೂಥರನ್ ಕ್ರೈಸ್ತ ಪಂಥದ ದೀಕ್ಷೆ ಪಡೆದರು. ದಂಪತಿಗಳಿಗೆ ಐರೀನ್ (1914) ಮತ್ತು ಮಾರ್ಗರೆಟ್ (1915) ಎಂಬ ಹೆಣ್ಣುಮಕ್ಕಳು, ಗುಸ್ತಾವ್ (1921) ಎಂಬ ಮಗ ಜನಿಸಿದರು.

ಬರ್ಲಿನ್, ಫ್ರಾಂಕ್‌ಫರ್ಟ್ ಮತ್ತು ಗಟ್ಟಿಂಗೆನ್

1915ರಲ್ಲಿ ಮ್ಯಾಕ್ಸ್ ಪ್ಲಾಂಕ್ ಅವರಿಗೆ ನೆರವಾಗಲು ಬಾರ್ನ್ ಬರ್ಲಿನ್ ವಿಶ್ವವಿದ್ಯಾನಿಲಯಕ್ಕೆ ನೇಮಕಗೊಂಡರು. ಮೊದಲನೆಯ ಮಹಾಯುದ್ಧ ನಡೆಯುತ್ತಿದ್ದ ಆ ದಿನಗಳಲ್ಲಿ, ಶತ್ರುಗಳ ಫಿರಂಗಿ ಎಲ್ಲಿದೆಯೆಂಬುದನ್ನು ಅದರ ಸದ್ದಿನಿಂದ ಗುರುತಿಸುವ ಸೇನಾ ವಿಭಾಗದಲ್ಲಿಯೂ ಕೆಲಸ ಮಾಡಿದರು. ಆಲ್ಬರ್ಟ್ ಐನ್‌ಸ್ಟೈನ್ ಅವರೊಡನೆ ಆಜೀವ ಸ್ನೇಹ ಬೆಳೆದದ್ದು ಬರ್ಲಿನ್ನಿನಲ್ಲಿಯೇ. ಇಬ್ಬರೂ ಕೂಡಿ ಪಿಟೀಲು, ಪಿಯಾನೊ ನುಡಿಸುತ್ತಿದ್ದರು. 1919ರಲ್ಲಿ ಫ್ರಾಂಕ್‌ಫರ್ಟ್‌ಗೂ 1921ರಲ್ಲಿ ಗಟ್ಟಿಂಗೆನ್‌ಗೂ ಪ್ರಾಧ್ಯಾಪಕರಾಗಿ ತೆರಳಿದರು.

ಗಟ್ಟಿಂಗೆನ್‌ನಲ್ಲಿ ಕಳೆದ ಹನ್ನೆರಡು ವರ್ಷಗಳು ಬಾರ್ನ್ ಅವರ ಜೀವನದ ಅತ್ಯಂತ ಫಲವತ್ತಾದ ಕಾಲ. ಅವರ ಗೆಳೆಯ ಜೇಮ್ಸ್ ಫ್ರಾಂಕ್ ಪ್ರಾಯೋಗಿಕ ಭೌತವಿಜ್ಞಾನವನ್ನೂ ಬಾರ್ನ್ ಸೈದ್ಧಾಂತಿಕ ಭೌತವಿಜ್ಞಾನವನ್ನೂ ನೋಡಿಕೊಳ್ಳುತ್ತಿದ್ದರು. ವೊಲ್ಫ್‌ಗಾಂಗ್ ಪೌಲಿ, ವೆರ್ನರ್ ಹೈಸನ್‌ಬರ್ಗ್ ಮತ್ತು ಪಾಸ್ಕ್ವಲ್ ಯೋರ್ಡಾನ್ ಬಾರ್ನ್ ಅವರ ಸಹಾಯಕರಾಗಿದ್ದರು. ರಾಬರ್ಟ್ ಓಪನ್‌ಹೈಮರ್ ಮತ್ತು ಮರಿಯಾ ಗೆಪರ್ಟ್ ಅವರ ಬಳಿ ಡಾಕ್ಟರೇಟ್ ಪಡೆದರು.

1925ರ ಬೇಸಗೆಯಲ್ಲಿ ಹೈಸನ್‌ಬರ್ಗ್ ಪರಮಾಣುವನ್ನು ಕುರಿತ ಹೊಸ ಲೆಕ್ಕಾಚಾರವೊಂದನ್ನು ಬಾರ್ನ್ ಅವರ ಕೈಗಿತ್ತರು. ಆ ಲೆಕ್ಕದಲ್ಲಿ ಎರಡು ರಾಶಿಗಳನ್ನು ಗುಣಿಸುವಾಗ ಅವುಗಳ ಕ್ರಮವನ್ನು ಬದಲಿಸಿದರೆ ಉತ್ತರವೂ ಬದಲಾಗುತ್ತಿತ್ತು. ಇದು ತಾವು ವಿದ್ಯಾರ್ಥಿಯಾಗಿದ್ದಾಗ ಕಲಿತ ಮಾತೃಕೆಗಳ ಗುಣಾಕಾರವೆಂಬುದನ್ನು ಬಾರ್ನ್ ಗುರುತಿಸಿದರು. ಮೊದಲು ಯೋರ್ಡಾನ್ ಅವರೊಡನೆ, ಅನಂತರ ಹೈಸನ್‌ಬರ್ಗ್ ಅವರನ್ನೂ ಕೂಡಿಕೊಂಡು ಬರೆದ ಪ್ರಬಂಧಗಳಲ್ಲಿ ಕ್ವಾಂಟಂ ಬಲವಿಜ್ಞಾನಕ್ಕೆ ಭದ್ರವಾದ ಗಣಿತದ ತಳಹದಿ ದೊರೆಯಿತು.

1926ರಲ್ಲಿ ಎರ್ವಿನ್ ಶ್ರೋಡಿಂಗರ್ ಅಲೆಯ ಸಮೀಕರಣವನ್ನು ಪ್ರಕಟಿಸಿದರು. ಈ ಅಲೆ ಏನನ್ನು ಸೂಚಿಸುತ್ತದೆ ಎಂಬ ಪ್ರಶ್ನೆಗೆ ಬಾರ್ನ್ ಅದೇ ವರ್ಷ ಉತ್ತರ ನೀಡಿದರು. ಎಲೆಕ್ಟ್ರಾನ್ ಒಂದು ಸ್ಥಳದಲ್ಲಿ ಕಂಡುಬರುವ ಸಂಭವನೀಯತೆ ಎಷ್ಟೆಂಬುದನ್ನು ಆ ಸ್ಥಳದಲ್ಲಿನ ಅಲೆಯ ಪಾರದ ವರ್ಗ ತಿಳಿಸುತ್ತದೆ ಎಂಬುದು ಅವರ ನಿರೂಪಣೆಯ ಸಾರ. ನಾಣ್ಯವನ್ನು ಚಿಮ್ಮಿದಾಗ ಯಾವ ಮುಖ ಬೀಳುವುದೆಂದು ಮೊದಲೇ ಹೇಳಲಾರೆವು; ಆದರೆ ಸಾವಿರ ಸಲ ಚಿಮ್ಮಿದರೆ ಹೆಚ್ಚುಕಡಿಮೆ ಎಷ್ಟು ಸಲ ಯಾವ ಮುಖ ಬೀಳುವುದೆಂದು ಹೇಳಬಲ್ಲೆವು. ನಾಣ್ಯದ ವಿಷಯದಲ್ಲಿ ನಮ್ಮ ಅಜ್ಞಾನವೇ ಇದಕ್ಕೆ ಕಾರಣ. ಪರಮಾಣು ಪ್ರಪಂಚದಲ್ಲಾದರೋ ಅನಿಶ್ಚಿತತೆ ಪ್ರಕೃತಿಯಲ್ಲಿಯೇ ಇದೆ ಎಂಬುದು ಈ ಹೊಸ ಚಿಂತನೆ. ಐನ್‌ಸ್ಟೈನ್ ಇದನ್ನು ಕೊನೆಯವರೆಗೂ ಒಪ್ಪಲಿಲ್ಲ. ಗೆಳೆಯರಿಬ್ಬರ ನಡುವಿನ ಈ ಚರ್ಚೆ ಪತ್ರಗಳ ಮೂಲಕ ದಶಕಗಳ ಕಾಲ ನಡೆಯಿತು.

1933: ಹುದ್ದೆಯ ನಷ್ಟ

1933ರ ಜನವರಿ 30ರಂದು ಅಡಾಲ್ಫ್ ಹಿಟ್ಲರ್ ಜರ್ಮನಿಯ ಚಾನ್ಸಲರ್ ಆದನು. ಏಪ್ರಿಲ್ 7ರಂದು ಸರ್ಕಾರಿ ನೌಕರರಿಗೆ ಸಂಬಂಧಿಸಿದ ಹೊಸ ಕಾನೂನು ಜಾರಿಗೆ ಬಂದಿತು. ಜರ್ಮನಿಯ ವಿಶ್ವವಿದ್ಯಾನಿಲಯಗಳ ಪ್ರಾಧ್ಯಾಪಕರು ಸರ್ಕಾರಿ ನೌಕರರೇ ಆಗಿದ್ದುದರಿಂದ ಅವರಿಗೂ ಅದು ಅನ್ವಯವಾಯಿತು. ಅಜ್ಜ ಅಜ್ಜಿಯರಲ್ಲಿ ಒಬ್ಬರು ಯಹೂದಿಯಾಗಿದ್ದರೂ ಆ ವ್ಯಕ್ತಿಯನ್ನು ಆರ್ಯನಲ್ಲವೆಂದು ಪರಿಗಣಿಸಿ ಕೆಲಸದಿಂದ ತೆಗೆಯಬಹುದಾಗಿತ್ತು. ಬಾರ್ನ್ ಇಪ್ಪತ್ತು ವರ್ಷಗಳಷ್ಟು ಹಿಂದೆಯೇ ಕ್ರೈಸ್ತರಾಗಿದ್ದರು; ಆದರೆ ಈ ಕಾನೂನು ನೋಡಿದ್ದು ನಂಬಿಕೆಯನ್ನಲ್ಲ, ವಂಶವನ್ನು.

ಜೇಮ್ಸ್ ಫ್ರಾಂಕ್ ಅವರು ಯುದ್ಧದಲ್ಲಿ ಹೋರಾಡಿದ್ದುದರಿಂದ ಅವರಿಗೆ ಕಾನೂನಿನಲ್ಲಿ ವಿನಾಯಿತಿ ಇತ್ತು. ಆದರೂ ಅವರು ಪ್ರತಿಭಟಿಸಿ ಏಪ್ರಿಲ್ 17ರಂದು ರಾಜೀನಾಮೆ ನೀಡಿದರು. ಕೆಲವೇ ದಿನಗಳ ಬಳಿಕ, ಏಪ್ರಿಲ್ 25ರಂದು, ತಮ್ಮನ್ನು ಅಮಾನತಿನಲ್ಲಿಡಲಾಗಿದೆ ಎಂಬ ಸುದ್ದಿ ಬಾರ್ನ್ ಅವರಿಗೆ ತಿಳಿಯಿತು. ಗಣಿತಜ್ಞರಾದ ರಿಚರ್ಡ್ ಕೂರಾಂಟ್ ಮತ್ತು ಎಮ್ಮಿ ನೋಥರ್ ಕೂಡ ಇದೇ ಸಮಯದಲ್ಲಿ ಹುದ್ದೆ ಕಳೆದುಕೊಂಡರು. ಜಗತ್ತಿನ ಗಣಿತ ಮತ್ತು ಭೌತವಿಜ್ಞಾನಗಳ ರಾಜಧಾನಿಯಂತಿದ್ದ ಗಟ್ಟಿಂಗೆನ್ ಕೆಲವೇ ವಾರಗಳಲ್ಲಿ ಬರಿದಾಯಿತು.

ಮೇ ತಿಂಗಳಿನಲ್ಲಿ ಬಾರ್ನ್ ಕುಟುಂಬ ಉತ್ತರ ಇಟಲಿಯ ಪರ್ವತ ಪ್ರದೇಶದಲ್ಲಿರುವ ಸೆಲ್ವ ಎಂಬ ಹಳ್ಳಿಗೆ ತೆರಳಿತು. ಕಿರಿಯ ಮಗ ಗುಸ್ತಾವ್‌ನಿಗೆ ಆಗ ಹನ್ನೊಂದು ವರ್ಷ. ಐವತ್ತು ವರ್ಷದ ಬಾರ್ನ್ ಅವರಿಗೆ ಮುಂದಿನ ಜೀವನೋಪಾಯ ಯಾವುದೆಂಬುದು ತಿಳಿದಿರಲಿಲ್ಲ. ಇತ್ತ ಬ್ರಿಟನ್ನಿನಲ್ಲಿ ಅದೇ ಮೇ ತಿಂಗಳಿನಲ್ಲಿ ನಿರಾಶ್ರಿತ ವಿದ್ವಾಂಸರಿಗೆ ನೆರವಾಗಲು ಒಂದು ಮಂಡಳಿ ಸ್ಥಾಪನೆಯಾಯಿತು; ಪರಮಾಣು ವಿಜ್ಞಾನಿ ಅರ್ನೆಸ್ಟ್ ರುದರ್‌ಫರ್ಡ್ ಅದರ ಅಧ್ಯಕ್ಷರು. ಸೆಲ್ವದಲ್ಲಿದ್ದಾಗಲೇ ಬಾರ್ನ್ ಅವರಿಗೆ ಕೇಂಬ್ರಿಡ್ಜ್‌ನಿಂದ ಆಹ್ವಾನ ಬಂದಿತು.

ಕೇಂಬ್ರಿಡ್ಜ್

1933ರಿಂದ ಬಾರ್ನ್ ಕೇಂಬ್ರಿಡ್ಜ್‌ನಲ್ಲಿ ಉಪನ್ಯಾಸಕರಾದರು. ಆದರೆ ಇದು ನಿರ್ದಿಷ್ಟ ಅವಧಿಯ ನೇಮಕ. ಪೋಲೆಂಡಿನ ಲಿಯೊಪೋಲ್ಡ್ ಇನ್ಫೆಲ್ಡ್ ಅವರೊಡನೆ ವಿದ್ಯುತ್ಕಾಂತ ಕ್ಷೇತ್ರವನ್ನು ಕುರಿತು ಅವರು ರೂಪಿಸಿದ ಸಿದ್ಧಾಂತ ಈ ಕಾಲದ್ದು. 1935ರಲ್ಲಿ ಪರಮಾಣು ಭೌತವಿಜ್ಞಾನವನ್ನು ಕುರಿತ ಅವರ ಪಠ್ಯಪುಸ್ತಕವೂ ಸಾಮಾನ್ಯ ಓದುಗರಿಗಾಗಿ ಬರೆದ ದಿ ರೆಸ್ಟ್‌ಲೆಸ್ ಯೂನಿವರ್ಸ್ ಎಂಬ ಪುಸ್ತಕವೂ ಇಂಗ್ಲಿಷಿನಲ್ಲಿ ಪ್ರಕಟವಾದವು. ಎರಡನೆಯದರ ಪುಟಗಳ ಅಂಚಿನಲ್ಲಿ ಚಿಕ್ಕ ಚಿಕ್ಕ ಚಿತ್ರಗಳಿದ್ದು, ಪುಟಗಳನ್ನು ಬೆರಳಿನಿಂದ ಬೇಗಬೇಗನೆ ಹೊರಳಿಸಿದರೆ ಅಣುಗಳು ಚಲಿಸುವಂತೆ ತೋರುತ್ತಿದ್ದವು. ಭಾಷೆ ಬದಲಾಯಿಸಿಕೊಂಡ ಎರಡು ವರ್ಷಗಳಲ್ಲೇ ಈ ಪುಸ್ತಕಗಳು ಹೊರಬಂದವೆಂಬುದು ಗಮನಾರ್ಹ.

ಬೆಂಗಳೂರಿನಲ್ಲಿ

1933ರಲ್ಲಿ ಸಿ. ವಿ. ರಾಮನ್ ಭಾರತೀಯ ವಿಜ್ಞಾನ ಸಂಸ್ಥೆಯ ಮೊದಲ ಭಾರತೀಯ ನಿರ್ದೇಶಕರಾಗಿ ಬೆಂಗಳೂರಿಗೆ ಬಂದರು. ಜನರ ಬಾಯಲ್ಲಿ ಟಾಟಾ ಇನ್‌ಸ್ಟಿಟ್ಯೂಟ್ ಎಂದೇ ಹೆಸರಾಗಿದ್ದ ಈ ಸಂಸ್ಥೆಯಲ್ಲಿ ಭೌತವಿಜ್ಞಾನದ ವಿಭಾಗವನ್ನು ಅವರು ಆರಂಭಿಸಿದರು. ಜರ್ಮನಿಯಿಂದ ಹೊರಬೀಳುತ್ತಿದ್ದ ಪ್ರತಿಭಾವಂತ ವಿಜ್ಞಾನಿಗಳನ್ನು ಕರೆತಂದರೆ ಅವರಿಗೂ ಆಶ್ರಯ, ಭಾರತಕ್ಕೂ ಲಾಭ ಎಂಬುದು ರಾಮನ್ ಅವರ ಎಣಿಕೆಯಾಗಿತ್ತು. ಅವರು ಬಾರ್ನ್ ಅವರನ್ನು ಆರು ತಿಂಗಳ ಮಟ್ಟಿಗೆ ಆಹ್ವಾನಿಸಿದರು. ಕೇಂಬ್ರಿಡ್ಜ್‌ನ ನೇಮಕದ ಅವಧಿ ಮುಗಿಯುತ್ತಾ ಬಂದಿದ್ದರಿಂದ ಬಾರ್ನ್ ಒಪ್ಪಿ, 1935ರ ಶರತ್ಕಾಲದಲ್ಲಿ ಪತ್ನಿ ಹೆಡ್ವಿಗ್ ಅವರೊಡನೆ ಬೆಂಗಳೂರಿಗೆ ಬಂದರು.

ಆಗ ಮೈಸೂರು ಸಂಸ್ಥಾನವನ್ನು ನಾಲ್ವಡಿ ಕೃಷ್ಣರಾಜ ಒಡೆಯರು ಆಳುತ್ತಿದ್ದರು. ಸರ್ ಮಿರ್ಜಾ ಇಸ್ಮಾಯಿಲ್ ದಿವಾನರು. ದಂಪತಿಗಳು ಸಂಸ್ಥೆಯ ಆವರಣದಲ್ಲಿಯೇ ವಾಸವಾಗಿದ್ದರು. ಬಾರ್ನ್ ಉಪನ್ಯಾಸಗಳನ್ನು ನೀಡಿದರು. ರಾಮನ್ ಅವರ ಶಿಷ್ಯ ಎನ್. ಎಸ್. ನಾಗೇಂದ್ರನಾಥ್ ಅವರೊಡನೆ ಬೆಳಕಿನ ಸ್ವರೂಪವನ್ನು ಕುರಿತು ಸಂಶೋಧನೆ ನಡೆಸಿದರು. ಆ ಪ್ರಬಂಧವು 1936ರಲ್ಲಿ, ರಾಮನ್ ಸ್ಥಾಪಿಸಿದ್ದ ಭಾರತೀಯ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ ಪ್ರಕಟವಾಯಿತು. ರಾಮನ್ ಅವರ ಚೈತನ್ಯ, ಆತ್ಮವಿಶ್ವಾಸ ಮತ್ತು ವಿಜ್ಞಾನದ ಮೇಲಿನ ಶ್ರದ್ಧೆ ಬಾರ್ನ್ ಅವರನ್ನು ಬಹುವಾಗಿ ಆಕರ್ಷಿಸಿದವು. ಬೆಂಗಳೂರಿನಲ್ಲಿಯೇ ನೆಲಸುವ ಯೋಚನೆ ದಂಪತಿಗಳಿಗೆ ಹಿತವೆನಿಸಿತು.

ಬಾರ್ನ್ ಅವರನ್ನು ಗಣಿತಾತ್ಮಕ ಭೌತವಿಜ್ಞಾನದ ಖಾಯಂ ಪ್ರಾಧ್ಯಾಪಕರನ್ನಾಗಿ ನೇಮಿಸಬೇಕೆಂದು ರಾಮನ್ ಸೂಚಿಸಿದರು. ಈ ವಿಷಯವನ್ನು ಚರ್ಚಿಸಲು ಕರೆದ ಪ್ರಾಧ್ಯಾಪಕರ ಸಭೆಯಲ್ಲಿ ಬಾರ್ನ್ ಸ್ವತಃ ಉಪಸ್ಥಿತರಿದ್ದರು. ರಾಮನ್ ಅವರನ್ನು ಬಹಳವಾಗಿ ಹೊಗಳಿ ಮಾತನಾಡಿದರು. ಅನಂತರ ಎದ್ದು ನಿಂತವರು ಇಂಗ್ಲೆಂಡಿನಿಂದ ಬಂದಿದ್ದ ವಿದ್ಯುತ್ ತಂತ್ರಜ್ಞಾನದ ಪ್ರಾಧ್ಯಾಪಕರೊಬ್ಬರು. ತನ್ನ ದೇಶದಿಂದಲೇ ಹೊರದೂಡಲ್ಪಟ್ಟ ಎರಡನೆಯ ದರ್ಜೆಯ ವಿದೇಶಿಯೊಬ್ಬ ಈ ಸಂಸ್ಥೆಗೆ ಸಾಲದು ಎಂಬ ಅರ್ಥ ಬರುವಂತೆ ಅವರು ಬಾರ್ನ್ ಅವರ ಎದುರಿಗೇ ಮಾತನಾಡಿದರು. ಬಾರ್ನ್ ಮನೆಗೆ ಮರಳಿ ಪತ್ನಿಯ ಮುಂದೆ ಕಣ್ಣೀರು ಹಾಕಿದರು. ಜರ್ಮನಿಯಲ್ಲಿ ಹುದ್ದೆ ಹೋದದ್ದು ಕಾನೂನಿನ ಒಂದು ಆಜ್ಞೆಯಿಂದ. ಇಲ್ಲಿ ಅದೇ ಸಂಗತಿಯನ್ನು ಅವರ ಯೋಗ್ಯತೆಯ ಅಳತೆಗೋಲನ್ನಾಗಿ ಬಳಸಲಾಯಿತು. ಇದು ನಿರಾಶ್ರಿತರು ಅನೇಕ ದೇಶಗಳಲ್ಲಿ ಎದುರಿಸಿದ ಅನುಭವ.

ಈ ವಿರೋಧಕ್ಕೆ ಕಾರಣ ಬಾರ್ನ್ ಒಬ್ಬರೇ ಅಲ್ಲ. ಸಂಸ್ಥೆಯ ಹಣವು ಭೌತವಿಜ್ಞಾನಕ್ಕೇ ಹೆಚ್ಚಾಗಿ ಹೋಗುತ್ತಿದೆ ಎಂಬ ಅಸಮಾಧಾನ ಉಳಿದ ವಿಭಾಗಗಳಲ್ಲಿತ್ತು. ರಾಮನ್ ಅವರ ಆಡಳಿತದ ಧೋರಣೆಯ ಬಗೆಗೂ ಆಕ್ಷೇಪಗಳಿದ್ದವು. ಸಂಸ್ಥೆಯ ಕಾರ್ಯವೈಖರಿಯನ್ನು ಪರಿಶೀಲಿಸಲು 1936ರಲ್ಲಿ ಸರ್ ಜೇಮ್ಸ್ ಅರ್ವಿನ್ ಅವರ ಅಧ್ಯಕ್ಷತೆಯ ಸಮಿತಿ ಬಂದಿತು. 1937ರಲ್ಲಿ ರಾಮನ್ ನಿರ್ದೇಶಕ ಸ್ಥಾನವನ್ನು ಬಿಟ್ಟು ಭೌತವಿಜ್ಞಾನದ ಪ್ರಾಧ್ಯಾಪಕರಾಗಿ ಮಾತ್ರ ಮುಂದುವರಿದರು. ಬಾರ್ನ್ ಅದಕ್ಕೂ ಮೊದಲೇ, 1936ರ ವಸಂತಕಾಲದಲ್ಲಿ, ಬೆಂಗಳೂರನ್ನು ಬಿಟ್ಟಿದ್ದರು.

ಮುಂದೆ 1940ರ ದಶಕದಲ್ಲಿ ಸ್ಫಟಿಕಗಳ ಕಂಪನವನ್ನು ಕುರಿತು ಬಾರ್ನ್ ಮತ್ತು ರಾಮನ್ ಅವರ ನಡುವೆ ತೀವ್ರವಾದ ವೈಜ್ಞಾನಿಕ ವಿವಾದ ಎದ್ದಿತು. ಸ್ಫಟಿಕ ಜಾಲಕದಲ್ಲಿ ಅಸಂಖ್ಯ ಬಗೆಯ ಕಂಪನಗಳಿವೆ ಎಂಬುದು ಬಾರ್ನ್ ಅವರ ಸಿದ್ಧಾಂತವಾದರೆ, ಕೆಲವೇ ನಿಶ್ಚಿತ ಕಂಪನಗಳಿವೆ ಎಂಬುದು ರಾಮನ್ ಅವರ ವಾದ. ವಿಜ್ಞಾನಲೋಕ ಬಾರ್ನ್ ಅವರ ಸಿದ್ಧಾಂತವನ್ನೇ ಒಪ್ಪಿತು. ಆದರೆ ಕಷ್ಟಕಾಲದಲ್ಲಿ ಕರೆದು ಸ್ಥಾನ ಕೊಡಿಸಲು ಹೋರಾಡಿದವರು ರಾಮನ್ ಎಂಬ ಸಂಗತಿ ಈ ವಿವಾದದಿಂದ ಮಸುಕಾಗುವುದಿಲ್ಲ.

ಎಡಿನ್‌ಬರೋ

ಬೆಂಗಳೂರಿನಿಂದ ಮರಳಿದ ಬಾರ್ನ್ ಅವರಿಗೆ ಮತ್ತೆ ಕೆಲಸದ ಚಿಂತೆ ಎದುರಾಯಿತು. ಪ್ಯೋಟರ್ ಕಪಿತ್ಸಾ ಅವರು ಮಾಸ್ಕೋಗೆ ಆಹ್ವಾನಿಸಿದರು. ಬಾರ್ನ್ ಈ ಆಹ್ವಾನವನ್ನು ಪರಿಶೀಲಿಸುತ್ತಿರುವಾಗಲೇ ಎಡಿನ್‌ಬರೋ ವಿಶ್ವವಿದ್ಯಾನಿಲಯದಲ್ಲಿ ಚಾರ್ಲ್ಸ್ ಗಾಲ್ಟನ್ ಡಾರ್ವಿನ್ ಅವರ ಪ್ರಾಧ್ಯಾಪಕ ಸ್ಥಾನ ತೆರವಾಯಿತು. 1936ರ ಅಕ್ಟೋಬರ್‌ನಲ್ಲಿ ಬಾರ್ನ್ ಆ ಸ್ಥಾನಕ್ಕೆ ನೇಮಕಗೊಂಡರು. ಅಲ್ಲಿಗೆ ಅಲೆದಾಟ ಮುಗಿಯಿತು. 1939ರ ಮಾರ್ಚ್‌ನಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಸದಸ್ಯತ್ವ ಅವರಿಗೆ ಸಂದಿತು. ಅದೇ ವರ್ಷ ಆಗಸ್ಟ್ 31ರಂದು ಬ್ರಿಟಿಷ್ ಪೌರತ್ವ ದೊರೆಯಿತು. ಮರುದಿನ ಜರ್ಮನಿ ಪೋಲೆಂಡಿನ ಮೇಲೆ ದಾಳಿಯಿಟ್ಟು ಎರಡನೆಯ ಮಹಾಯುದ್ಧ ಆರಂಭವಾಯಿತು.

ಈ ಒಂದು ದಿನದ ಅಂತರಕ್ಕೆ ಬಹಳ ಬೆಲೆಯಿತ್ತು. 1940ರಲ್ಲಿ ಬ್ರಿಟಿಷ್ ಸರ್ಕಾರವು ತನ್ನ ನೆಲದಲ್ಲಿದ್ದ ಜರ್ಮನ್ ಪ್ರಜೆಗಳನ್ನು ಶತ್ರುದೇಶದವರೆಂದು ಬಗೆದು ಸಾವಿರಾರು ಮಂದಿಯನ್ನು ಬಂಧನ ಶಿಬಿರಗಳಲ್ಲಿರಿಸಿತು. ಹಿಟ್ಲರನಿಂದ ತಪ್ಪಿಸಿಕೊಂಡು ಬಂದ ಯಹೂದಿಗಳೇ ಅವರಲ್ಲಿ ಬಹುಪಾಲು. ಬಾರ್ನ್ ಅವರೊಡನೆ ಸಂಶೋಧನೆ ನಡೆಸುತ್ತಿದ್ದ ನಿರಾಶ್ರಿತ ಕ್ಲೌಸ್ ಫುಕ್ಸ್ ಕೂಡ ಬಂಧಿತರಾಗಿ ಕೆನಡಾದ ಶಿಬಿರಕ್ಕೆ ಸಾಗಿಸಲ್ಪಟ್ಟರು. ಬಿಡುಗಡೆಯ ಬಳಿಕ ಬಾಂಬಿನ ಯೋಜನೆಯಲ್ಲಿ ಸೇರಿ, ಸೋವಿಯತ್ ಒಕ್ಕೂಟಕ್ಕೆ ರಹಸ್ಯಗಳನ್ನು ನೀಡಿದ ಅಪರಾಧಕ್ಕಾಗಿ 1950ರಲ್ಲಿ ಶಿಕ್ಷೆಗೊಳಗಾದವರು ಇವರೇ. ಬಾರ್ನ್ ಮಾತ್ರ ಪರಮಾಣು ಬಾಂಬಿನ ಕೆಲಸದಲ್ಲಿ ಪಾಲ್ಗೊಳ್ಳಲಿಲ್ಲ.

ಹೆಡ್ವಿಗ್ ಬಾರ್ನ್ ಶಾಂತಿವಾದಿಗಳಾದ ಕ್ವೇಕರ್ ಪಂಥವನ್ನು ಸೇರಿದರು. ದಂಪತಿಗಳು ಬಂಧುಗಳು ಹಾಗೂ ಪರಿಚಿತರಲ್ಲದ ನಿರಾಶ್ರಿತರಿಗೂ ನೆರವು ನೀಡಿದರು. ಜರ್ಮನಿಯಿಂದ ಒಬ್ಬರನ್ನು ಹೊರತರಬೇಕಾದರೆ ವೀಸಾ, ಹಣದ ಖಾತರಿ, ಕೆಲಸದ ಭರವಸೆ ಇವೆಲ್ಲ ಬೇಕಾಗಿದ್ದವು. ಅಂದಿನ ದಿನಗಳಲ್ಲಿ ಒಂದು ಶಿಫಾರಸು ಪತ್ರ ಒಂದು ಜೀವವನ್ನು ಉಳಿಸುವಷ್ಟು ಮಹತ್ವದ್ದಾಗಿತ್ತು.

ಸೋದರಳಿಯ ಮತ್ತು ಮೈಸೂರು ಸಂಸ್ಥಾನ

ಬಾರ್ನ್ ಅವರ ತಂಗಿ ಕೇಟೆಯ ಮಗ ಒಟ್ಟೊ ಕೋನಿಗ್ಸ್‌ಬರ್ಗರ್ (1908–1999) ಬರ್ಲಿನ್ನಿನಲ್ಲಿ ಹನ್ಸ್ ಪೋಲ್ಜಿಗ್ ಮತ್ತು ಬ್ರೂನೊ ಟೌಟ್ ಅವರ ಬಳಿ ವಾಸ್ತುಶಿಲ್ಪ ಕಲಿತವರು. 1933ರಲ್ಲಿ ಪ್ರತಿಷ್ಠಿತ ಶಿಂಕೆಲ್ ಬಹುಮಾನ ಪಡೆದರೂ ಯಹೂದಿಯಾದ ಕಾರಣ ಜರ್ಮನಿಯಲ್ಲಿ ಅವರಿಗೆ ಭವಿಷ್ಯವಿರಲಿಲ್ಲ. ಈಜಿಪ್ಟಿಗೆ ಹೋಗಿ ಪ್ರಾಚೀನ ಕಟ್ಟಡಗಳ ಅಧ್ಯಯನದಲ್ಲಿ ತೊಡಗಿದರು. ಬಾರ್ನ್ ಅವರಿಗೆ ಬೆಂಗಳೂರಿನಲ್ಲಾಗಿದ್ದ ಪರಿಚಯಗಳು ಅಳಿಯನಿಗೆ ನೆರವಾದವು. 1939ರಲ್ಲಿ ದಿವಾನ್ ಮಿರ್ಜಾ ಇಸ್ಮಾಯಿಲ್ ಅವರ ಕಾಲದಲ್ಲಿ ಒಟ್ಟೊ ಮೈಸೂರು ಸಂಸ್ಥಾನದ ಸೇವೆಗೆ ಸೇರಿದರು.

ಬೆಂಗಳೂರು, ಮೈಸೂರು, ತುಮಕೂರು, ಹಾಸನ ಮೊದಲಾದ ಜಿಲ್ಲೆಗಳನ್ನೊಳಗೊಂಡಿದ್ದ ಸಂಸ್ಥಾನದ ಮುಖ್ಯ ವಾಸ್ತುಶಿಲ್ಪಿಯಾಗಿ ಅವರು ದುಡಿದರು. ಬಸವನಗುಡಿಯ ಕೃಷ್ಣರಾವ್ ಉದ್ಯಾನದ ಮಂಟಪ, ಭಾರತೀಯ ವಿಜ್ಞಾನ ಸಂಸ್ಥೆಯ ವಿಮಾನ ವಿಜ್ಞಾನ ಮತ್ತು ಲೋಹಶಾಸ್ತ್ರ ವಿಭಾಗಗಳ ಕಟ್ಟಡಗಳು ಅವರ ರಚನೆಗಳು. ಸೋದರಮಾವನಿಗೆ ಖಾಯಂ ಸ್ಥಾನ ದೊರೆಯದ ಆವರಣದಲ್ಲಿಯೇ ಸೋದರಳಿಯ ನಿಲ್ಲಿಸಿದ ಕಟ್ಟಡಗಳು ಉಳಿದವು. ಬಿಸಿಲು, ಗಾಳಿ, ಮಳೆಗಳನ್ನು ಗಮನಿಸಿ ಕಟ್ಟುವ ವಿಧಾನವನ್ನು ಅವರು ಇಲ್ಲಿ ರೂಢಿಸಿಕೊಂಡರು.

1948ರಲ್ಲಿ ಭುವನೇಶ್ವರ ನಗರದ ಯೋಜನೆಯನ್ನು ಸಿದ್ಧಪಡಿಸಿದರು. ಅದೇ ವರ್ಷ ಭಾರತ ಸರ್ಕಾರದ ವಸತಿ ನಿರ್ದೇಶಕರಾಗಿ ನೇಮಕಗೊಂಡು, ದೇಶವಿಭಜನೆಯಿಂದ ಮನೆಮಠ ಕಳೆದುಕೊಂಡು ಬಂದ ನಿರಾಶ್ರಿತರಿಗೆ ಹೊಸ ಊರುಗಳನ್ನು ಯೋಜಿಸುವ ಕಾರ್ಯದಲ್ಲಿ ತೊಡಗಿದರು. ನಿರಾಶ್ರಿತನಾಗಿ ಬಂದವನೊಬ್ಬ ನಿರಾಶ್ರಿತರಿಗೆ ಮನೆ ಕಟ್ಟಿಸುವ ಹೊಣೆ ಹೊತ್ತದ್ದು ಚರಿತ್ರೆಯ ಒಂದು ವಿಶೇಷ. 1951ರಲ್ಲಿ ಅವರು ಲಂಡನ್ನಿಗೆ ತೆರಳಿ, ಉಷ್ಣವಲಯದ ವಾಸ್ತುಶಿಲ್ಪವನ್ನು ಕಲಿಸುವ ವಿಭಾಗವನ್ನು ಬೆಳೆಸಿದರು.

ಮಕ್ಕಳ ಸಾಹಿತ್ಯದ ಹಿನ್ನೆಲೆಯಾಗಿ ಈ ಚರಿತ್ರೆ

ಯಹೂದಿ ನಿರಾಶ್ರಿತ ಮಕ್ಕಳನ್ನು ಕುರಿತ ಕಾದಂಬರಿಗಳಲ್ಲಿ ಸಾಮಾನ್ಯವಾಗಿ ಕೆಲವು ಸಂದರ್ಭಗಳು ಮರುಕಳಿಸುತ್ತವೆ: ಮನೆಯನ್ನು ಇದ್ದಕ್ಕಿದ್ದಂತೆ ಬಿಡುವುದು, ಕೆಲಸ ಕಳೆದುಕೊಂಡ ತಂದೆ, ಹೊಸ ಶಾಲೆ, ತಿಳಿಯದ ಭಾಷೆ, ಉಳಿದುಹೋದ ಬಂಧುಗಳ ಚಿಂತೆ. ಇವು ಕಲ್ಪನೆಯಿಂದ ಹುಟ್ಟಿದವಲ್ಲ. ಈ ಬಗೆಯ ಕೃತಿಗಳಲ್ಲಿ ಬಹು ಪ್ರಸಿದ್ಧವಾದುದು ಜುಡಿತ್ ಕೆರ್ ಅವರು 1971ರಲ್ಲಿ ಪ್ರಕಟಿಸಿದ ವೆನ್ ಹಿಟ್ಲರ್ ಸ್ಟೋಲ್ ಪಿಂಕ್ ರ‍್ಯಾಬಿಟ್. ಬರ್ಲಿನ್ನಿನಲ್ಲಿ ಜನಿಸಿದ ಲೇಖಕಿ ಒಂಬತ್ತು ವರ್ಷದ ಬಾಲಕಿಯಾಗಿ 1933ರಲ್ಲಿ, ಅಂದರೆ ಬಾರ್ನ್ ಕುಟುಂಬ ಹೊರಟ ವರ್ಷದಲ್ಲಿಯೇ, ತಂದೆತಾಯಿ ಮತ್ತು ಅಣ್ಣನೊಡನೆ ದೇಶ ತೊರೆದು ಸ್ವಿಟ್ಜರ್ಲೆಂಡ್ ಹಾಗೂ ಫ್ರಾನ್ಸ್‌ಗಳ ಮೂಲಕ ಲಂಡನ್ ಸೇರಿದವರು.

1933ರಲ್ಲಿ ಹೊರಟವರಿಗೆ ಕುಟುಂಬ ಸಮೇತ ಹೋಗುವ ಅವಕಾಶವಿತ್ತು. ಐದು ವರ್ಷಗಳಲ್ಲಿ ಸ್ಥಿತಿ ಇನ್ನೂ ಭೀಕರವಾಯಿತು. 1938ರ ನವೆಂಬರ್ 9 ಮತ್ತು 10ರಂದು ಜರ್ಮನಿಯಾದ್ಯಂತ ಯಹೂದಿಗಳ ಪ್ರಾರ್ಥನಾ ಮಂದಿರಗಳನ್ನು ಸುಟ್ಟು, ಅಂಗಡಿಗಳನ್ನು ನಾಶಮಾಡಲಾಯಿತು. ಅದಾದ ಮೇಲೆ ಬ್ರಿಟನ್ ಸುಮಾರು 10,000 ಮಕ್ಕಳಿಗೆ ಪ್ರವೇಶ ನೀಡಿತು. ತಂದೆತಾಯಿಯರಿಗೆ ಆ ಅನುಮತಿ ಇರಲಿಲ್ಲ. ರೈಲು ನಿಲ್ದಾಣದಲ್ಲಿ ಮಕ್ಕಳನ್ನು ಬೀಳ್ಕೊಟ್ಟ ಅನೇಕ ತಂದೆತಾಯಿಯರು ಮುಂದೆ ನಾಜಿಗಳ ಶಿಬಿರಗಳಲ್ಲಿ ಕೊಲ್ಲಲ್ಪಟ್ಟರು. 1939ರ ಸೆಪ್ಟೆಂಬರ್‌ನಲ್ಲಿ ಯುದ್ಧ ಆರಂಭವಾದೊಡನೆ ಈ ರೈಲುಗಳು ನಿಂತವು.

ಭಾರತಕ್ಕೂ ಸಣ್ಣ ಪ್ರಮಾಣದಲ್ಲಿ ಯಹೂದಿ ನಿರಾಶ್ರಿತರು ಬಂದರು. ವೈದ್ಯರು, ಇಂಜಿನಿಯರುಗಳು, ಸಂಗೀತಗಾರರು ಅವರಲ್ಲಿದ್ದರು. ಯುದ್ಧ ಆರಂಭವಾದಾಗ ಇಲ್ಲಿಯೂ ಬ್ರಿಟಿಷ್ ಆಡಳಿತ ಜರ್ಮನ್ ಪ್ರಜೆಗಳನ್ನು ಬಂಧಿಸಿ ಅಹಮದ್‌ನಗರದ ಶಿಬಿರದಲ್ಲಿರಿಸಿತು. ಯಹೂದಿಗಳೂ ಅದರಿಂದ ಪಾರಾಗಲಿಲ್ಲ. ವಿಚಾರಣೆಯ ಅನಂತರ ಬಹುಮಂದಿಗೆ ಬಿಡುಗಡೆಯಾಯಿತು. 1942ರಲ್ಲಿ ನವಾನಗರದ ಜಾಮ್‌ಸಾಹೇಬ್ ದಿಗ್ವಿಜಯಸಿಂಹಜಿ ಅವರು ಪೋಲೆಂಡಿನ ನಿರಾಶ್ರಿತ ಮಕ್ಕಳಿಗಾಗಿ ಬಾಲಾಚಡಿಯಲ್ಲಿ ಶಿಬಿರವನ್ನು ತೆರೆದರು.

ಇಂತಹ ಕಥೆಗಳನ್ನು ಓದುವ ವಿದ್ಯಾರ್ಥಿಗಳು ಒಂದು ವಿಷಯವನ್ನು ಗಮನಿಸಬಹುದು. ಪಾರಾದವರ ಕಥೆಗಳೇ ನಮಗೆ ಹೆಚ್ಚಾಗಿ ದೊರೆಯುತ್ತವೆ. ಬಾರ್ನ್ ಅವರಿಗೆ ಹೆಸರಿತ್ತು, ಹೊರದೇಶಗಳಲ್ಲಿ ಗೆಳೆಯರಿದ್ದರು. ಆದುದರಿಂದ ಬಾಗಿಲುಗಳು ತೆರೆದವು. ಹೆಸರಾಗಲಿ ಪರಿಚಯವಾಗಲಿ ಇಲ್ಲದ ಸಾಮಾನ್ಯ ಕುಟುಂಬಗಳಲ್ಲಿ ಬಹಳಷ್ಟು ಹೊರಬರಲಾಗಲಿಲ್ಲ. ನಾಜಿಗಳು ಕೊಂದ ಸುಮಾರು 60 ಲಕ್ಷ ಯಹೂದಿಗಳಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಮಂದಿ ಮಕ್ಕಳು.

ಕೊನೆಯ ವರ್ಷಗಳು

1932ನೆಯ ಸಾಲಿನ ನೊಬೆಲ್ ಪ್ರಶಸ್ತಿ ಹೈಸನ್‌ಬರ್ಗ್ ಒಬ್ಬರಿಗೇ ಸಂದಿತ್ತು. ಮೂವರು ಕೂಡಿ ಮಾಡಿದ ಕೆಲಸಕ್ಕೆ ತಾವೊಬ್ಬರೇ ಪುರಸ್ಕಾರ ಪಡೆದುದಕ್ಕಾಗಿ ಹೈಸನ್‌ಬರ್ಗ್ ಬಾರ್ನ್ ಅವರಿಗೆ ಪತ್ರ ಬರೆದು ಸಂಕೋಚ ವ್ಯಕ್ತಪಡಿಸಿದ್ದರು. ಬಾರ್ನ್ 1953ರಲ್ಲಿ ನಿವೃತ್ತರಾದರು. ಮರುವರ್ಷ, ಎಪ್ಪತ್ತೊಂದರ ವಯಸ್ಸಿನಲ್ಲಿ, ಅವರಿಗೆ ನೊಬೆಲ್ ಪ್ರಶಸ್ತಿ ಘೋಷಣೆಯಾಯಿತು. ಮೂಲ ಸಂಶೋಧನೆ ನಡೆದು ಆಗ ಇಪ್ಪತ್ತೆಂಟು ವರ್ಷಗಳಾಗಿದ್ದವು.

ಗಟ್ಟಿಂಗೆನ್ ನಗರವು 1953ರಲ್ಲಿ ಬಾರ್ನ್, ಫ್ರಾಂಕ್ ಮತ್ತು ಕೂರಾಂಟ್ ಅವರಿಗೆ ಗೌರವ ಪೌರತ್ವ ನೀಡಿತು. ನಿವೃತ್ತಿಯ ನಂತರ ದಂಪತಿಗಳು ಜರ್ಮನಿಯ ಬಾಡ್ ಪೈರ್ಮಾಂಟ್ ಎಂಬ ಪಟ್ಟಣದಲ್ಲಿ ನೆಲಸಿದರು. ಅಷ್ಟೊಂದು ಕೊಲೆಗಳು ನಡೆದ ನಾಡಿಗೆ ಹಿಂತಿರುಗುವುದು ಐನ್‌ಸ್ಟೈನ್ ಅವರಿಗೆ ಹಿಡಿಸಲಿಲ್ಲ. ಕ್ವೇಕರರು ಅಲ್ಲಿದ್ದರೆಂಬುದೂ ಜರ್ಮನಿಯಲ್ಲಿ ಸಾಮರಸ್ಯಕ್ಕಾಗಿ ದುಡಿಯಬೇಕೆಂಬುದೂ ಬಾರ್ನ್ ದಂಪತಿಗಳ ನಿರ್ಧಾರಕ್ಕೆ ಕಾರಣಗಳಾಗಿದ್ದವು.

ಅಣ್ವಸ್ತ್ರಗಳ ವಿರುದ್ಧ ಬಾರ್ನ್ ಎತ್ತಿದ ದನಿ ಈ ಕಾಲದ್ದು. 1955ರ ರಸೆಲ್–ಐನ್‌ಸ್ಟೈನ್ ಘೋಷಣೆಗೆ ಸಹಿ ಮಾಡಿದವರಲ್ಲಿ ಅವರೂ ಒಬ್ಬರು. 1957ರಲ್ಲಿ ಪಶ್ಚಿಮ ಜರ್ಮನಿಯ ಸೇನೆಗೆ ಅಣ್ವಸ್ತ್ರ ನೀಡುವುದನ್ನು ವಿರೋಧಿಸಿದ ಹದಿನೆಂಟು ವಿಜ್ಞಾನಿಗಳಲ್ಲಿಯೂ ಅವರಿದ್ದರು.

1970ರ ಜನವರಿ 5ರಂದು ಗಟ್ಟಿಂಗೆನ್‌ನಲ್ಲಿ ಬಾರ್ನ್ ನಿಧನರಾದರು. ಎಂಬತ್ತೇಳು ವರ್ಷ ವಯಸ್ಸಾಗಿತ್ತು. ಅಲ್ಲಿನ ನಗರ ಸ್ಮಶಾನದಲ್ಲಿರುವ ಅವರ ಸಮಾಧಿಯ ಮೇಲೆ, ಗುಣಾಕಾರದ ಕ್ರಮ ಬದಲಾದರೆ ಉತ್ತರವೂ ಬದಲಾಗುತ್ತದೆ ಎಂಬುದನ್ನು ತಿಳಿಸುವ ಕ್ವಾಂಟಂ ಬಲವಿಜ್ಞಾನದ ಸೂತ್ರವನ್ನು ಕೆತ್ತಲಾಗಿದೆ. ಹೆಡ್ವಿಗ್ ಎರಡು ವರ್ಷಗಳ ಬಳಿಕ ತೀರಿಕೊಂಡರು.

ಕೃತಿಗಳು ಮತ್ತು ಸಂತತಿ

ಚೀನಾದ ಹುವಾಂಗ್ ಕುನ್ ಅವರೊಡನೆ ಬರೆದ ಸ್ಫಟಿಕ ಜಾಲಕಗಳ ಗ್ರಂಥ (1954) ಮತ್ತು ಎಮಿಲ್ ವುಲ್ಫ್ ಅವರೊಡನೆ ಬರೆದ ದೃಗ್ವಿಜ್ಞಾನದ ಗ್ರಂಥ (1959) ಇಂದಿಗೂ ಬಳಕೆಯಲ್ಲಿವೆ. ಐನ್‌ಸ್ಟೈನ್ ಮತ್ತು ಬಾರ್ನ್ ದಂಪತಿಗಳ ಪತ್ರವ್ಯವಹಾರ ಗ್ರಂಥರೂಪದಲ್ಲಿ ಬಂದಿದೆ. ಬಾರ್ನ್ ಅವರ ಆತ್ಮಕಥೆ 1978ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟವಾಯಿತು.

ಹನ್ನೊಂದನೆಯ ವಯಸ್ಸಿನಲ್ಲಿ ಗಟ್ಟಿಂಗೆನ್ ಬಿಟ್ಟ ಗುಸ್ತಾವ್ ಮುಂದೆ ಬ್ರಿಟನ್ನಿನಲ್ಲಿ ಹೆಸರಾಂತ ಔಷಧ ವಿಜ್ಞಾನಿಯಾಗಿ, ರಕ್ತದ ಕಿರುತಟ್ಟೆಗಳು ಒಂದಕ್ಕೊಂದು ಅಂಟಿಕೊಳ್ಳುವ ಕ್ರಿಯೆಯನ್ನು ಅಳೆಯುವ ಸಾಧನವನ್ನು 1962ರಲ್ಲಿ ರೂಪಿಸಿದರು. ಹೃದ್ರೋಗ ಚಿಕಿತ್ಸೆಯ ಅಧ್ಯಯನಕ್ಕೆ ಅದು ಬಹಳ ಉಪಯುಕ್ತವಾಯಿತು. ಗಾಯಕಿ ಒಲಿವಿಯಾ ನ್ಯೂಟನ್-ಜಾನ್ ಬಾರ್ನ್ ಅವರ ಹಿರಿಯ ಮಗಳು ಐರೀನ್ ಅವರ ಪುತ್ರಿ.